ಒಂಬತ್ತನೇ ತಿರುವು

ಇಪ್ಪತ್ತಾರು ವರ್ಷಗಳಲ್ಲಿ ಬೈಕ್ ಮೇಷ್ಟ್ರು ಒಂದು ಸಲವೂ ಬಿದ್ದವರಲ್ಲ. ಈ ವಿಷಯ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಮೇಷ್ಟ್ರೇ ಎಲ್ಲರಿಗೂ ಹೇಳಿದ್ದರು. ಹಳೆಯ ಗೋದಾಮಿನ ಹಿಂದಿನ ಬಯಲಿನಲ್ಲಿ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು, ಅವರು ಜನರಿಗೆ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದರು. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ದೊಡ್ಡದೊಂದು ಎಂಟು ಬರೆದು, ಅದರ ಮೇಲೆ ಕಾಲು ಊರದೆ ಮೂರು ಸುತ್ತು ಹಾಕಿದವರನ್ನು ಲೈಸೆನ್ಸ್ ಪರೀಕ್ಷೆಗೆ ಕಳಿಸುವುದು ಅವರ ಪದ್ಧತಿ. ಯಾರಾದರೂ ಬಿದ್ದರೆ ಮೇಷ್ಟ್ರು ಹತ್ತಿರ ಹೋಗುತ್ತಿರಲಿಲ್ಲ. ನಿಂತಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಬೈಕು ಬೀಳಲ್ಲ ಕಣ್ರೀ, ಬೀಳೋದು ಬುದ್ಧಿ" ಎನ್ನುತ್ತಿದ್ದರು. ಬಿದ್ದವರು ಬೈಕು, ಮೊಣಕಾಲು, ಬುದ್ಧಿ ಮೂರನ್ನೂ ತಾವೇ ಎತ್ತಿಕೊಳ್ಳಬೇಕಿತ್ತು.

ಇಂಥ ಮನುಷ್ಯ ಒಂದೇ ಮಧ್ಯಾಹ್ನ ಹದಿನಾಲ್ಕು ಸಲ ಬಿದ್ದದ್ದು ಬಾಮೈದನ ಅಂಗಡಿಯಲ್ಲಿ. ಅದೂ ಕುರ್ಚಿಯ ಮೇಲೆ ಕೂತು.

ಬಾಮೈದನದು ಟೀವಿ ಅಂಗಡಿ. ಗೋಡೆಯಷ್ಟು ಅಗಲದ ಹೊಸ ಟೀವಿಯೊಂದು ಬಂದಿತ್ತು. ಅದರ ವೈಭವವನ್ನು ನೆಂಟರಿಗೆಲ್ಲ ತೋರಿಸಬೇಕೆಂದು ಅವನು ಭಾನುವಾರ ಎಲ್ಲರನ್ನೂ ಕರೆದು ಸಾಲಾಗಿ ಕುರ್ಚಿ ಹಾಕಿಸಿದ್ದ. ಟೀವಿಗೆ ಬೈಕ್ ರೇಸಿನ ವಿಡಿಯೋ ಗೇಮ್ ಜೋಡಿಸಿದ್ದ. ಪರದೆಯ ಮೇಲೆ ಹತ್ತೊಂಬತ್ತು ತಿರುವುಗಳ ಕಪ್ಪು ರಸ್ತೆ, ಸಾಲಾಗಿ ನಿಂತು ಗುಡುಗುತ್ತಿದ್ದ ಬೈಕುಗಳು. ಇದು ಮಕ್ಕಳಾಟವಲ್ಲ, ನಿಜವಾದ ಬೈಕಿನ ಲೆಕ್ಕಾಚಾರವೆಲ್ಲ ಇದರಲ್ಲಿದೆ, ಒಂದು ಸಲ ಬಿದ್ದರೆ ಮತ್ತೆ ಮೊದಲಿನಿಂದ ಶುರು, ತನ್ನ ಗಿರಾಕಿಗಳಲ್ಲಿ ಮೂರನೇ ತಿರುವು ದಾಟಿದವರೇ ಇಲ್ಲ ಎಂದು ಬಾಮೈದ ವಿವರಿಸಿದ. ಮೇಷ್ಟ್ರು ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನೆಂಟರ ಮುಂದೆ ಸುಮ್ಮನಿರುವುದು ಅವರ ಜಾತಕದಲ್ಲೇ ಇರಲಿಲ್ಲ.

"ಕೊಡೋ ಇಲ್ಲಿ ಆ ರಿಮೋಟು" ಎಂದರು. "ಗಿರಾಕಿಗಳು ಬಿಡು, ಅವರಿಗೆ ಕ್ಲಚ್ಚು ಯಾವುದು ಬ್ರೇಕು ಯಾವುದು ಅಂತ ಗೊತ್ತಿರಲ್ಲ."

"ಇದಕ್ಕೆ ಕಂಟ್ರೋಲರ್ ಅಂತಾರೆ ಭಾವ."

"ಏನಾದ್ರೂ ಅನ್ನಲಿ. ಬೈಕು ಬೈಕೇ."

ಮೊದಲನೇ ತಿರುವಿನಲ್ಲಿ ಮೇಷ್ಟ್ರ ಬೈಕು ಒಂದು ಕಡೆ ಹೋಯಿತು, ಮೇಷ್ಟ್ರು ಇನ್ನೊಂದು ಕಡೆ ಹೋದರು. ಎರಡನೇ ಯತ್ನದಲ್ಲಿ ಇಬ್ಬರೂ ಒಂದೇ ಕಡೆ ಹೋದರು, ಆದರೆ ಅದು ರಸ್ತೆ ಇರುವ ಕಡೆಯಲ್ಲ. ಮೂರನೇ ಸಲ ಎದುರಿಗಿದ್ದ ಆರು ಬೈಕುಗಳನ್ನು ಜೊತೆಗೆ ಕರೆದುಕೊಂಡು ಮರಳಿನ ಗುಡ್ಡೆಯೊಳಗೆ ಹೋದರು. ದೂರದ ಸಂಬಂಧದ ಚಿಕ್ಕಮ್ಮ ಒಬ್ಬರು, ಈಗ ಮಣ್ಣಲ್ಲಿ ಉರುಳುತ್ತಿರುವುದು ಯಾರು, ನಮ್ಮವರೇನಾ ಎಂದು ಪ್ರತಿ ಸಲವೂ ವಿಚಾರಿಸಿಕೊಳ್ಳುತ್ತಿದ್ದರು. ಪ್ರತಿ ಸಲವೂ ನಮ್ಮವರೇ ಆಗಿರುತ್ತಿದ್ದರು.

ಹದಿನಾಲ್ಕನೇ ಸಲ ಬಿದ್ದಾಗ ಮೇಷ್ಟ್ರ ಅತ್ತೆ ಮೆಲ್ಲಗೆ ಕೈಚಾಚಿ, ನೋಡೋಣ ಕೊಡಿ ಅಳಿಯಂದಿರೇ ಎಂದರು. ಎಪ್ಪತ್ತೆರಡರ ಆ ಮುದುಕಿ ಜೀವನದಲ್ಲಿ ಸೈಕಲ್ ಕೂಡ ಮುಟ್ಟಿದವರಲ್ಲ. ಉಳಿದ ಬೈಕುಗಳೆಲ್ಲ ಕಣ್ಮರೆಯಾಗುವವರೆಗೆ ಸಾವಕಾಶವಾಗಿ ಕಾದು, ಮಾರ್ಕೆಟ್ಟಿಗೆ ಹೊರಟವರಂತೆ ನಿಧಾನಕ್ಕೆ ಹೊರಟು, ಮೊದಲನೇ ತಿರುವನ್ನು ಸುಖವಾಗಿ ದಾಟಿ, ಸಾಕಪ್ಪ, ಕಣ್ಣು ಉರಿಯುತ್ತೆ ಎಂದು ಹಿಂದಕ್ಕೆ ಕೊಟ್ಟುಬಿಟ್ಟರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದಕ್ಕೂ ಒಂದು ಸಮಯವಿರುತ್ತದೆ. ಮೇಷ್ಟ್ರು ಎದ್ದು ನಿಂತು, ಈ ಮಷೀನಿನಲ್ಲಿ ಏನೋ ಐಬಿದೆ, ಮುಂದಿನ ಚಕ್ರಕ್ಕೆ ಹಿಡಿತವೇ ಇಲ್ಲ, ಮನೆಗೆ ಕೊಟ್ಟು ಕಳಿಸು, ಕೂಲಂಕಷವಾಗಿ ಪರೀಕ್ಷಿಸಿ ಹೇಳುತ್ತೇನೆ ಎಂದರು. ಬಾಮೈದ ನಗು ತಡೆದುಕೊಂಡು ಗೇಮಿನ ಡಬ್ಬವನ್ನು ಹಳೆಯದೊಂದು ಟೀವಿಯ ಸಮೇತ ಮನೆಗೆ ಕಳಿಸಿದ.

ಮರುದಿನದಿಂದ ಪರೀಕ್ಷೆ ಆರಂಭವಾಯಿತು. ಊಟ ಮುಗಿಸಿ ಒಂದು ಗಂಟೆಗೆ ಕೂತರೆ ಮೂರೂವರೆಗೆ ಏಳುವುದು. ಮೇಷ್ಟ್ರು ಹೆಂಡತಿಗೆ ಒಂದೇ ಷರತ್ತು ಹಾಕಿದರು. ಊರಿಗೆಲ್ಲ ಬೈಕ್ ಕಲಿಸುವವನು ಟೀವಿ ಮುಂದೆ ಕೂತು ಬೈಕ್ ಕಲಿಯುತ್ತಿದ್ದಾನೆಂಬುದು ನರಪಿಳ್ಳೆಗೂ ಗೊತ್ತಾಗಬಾರದು. ಆ ತಿಂಗಳ ಕೊನೆಗೆ ಅವರ ಬೈಕ್ ಶಾಲೆಯ ಪರವಾನಗಿ ನವೀಕರಣ ಬೇರೆ ಇತ್ತು. ಹೆಂಡತಿ ಒಪ್ಪಿದರು. ಅವರು ಗುಟ್ಟು ಬಿಡದ ಹೆಂಗಸು, ಆದರೆ ಸುಳ್ಳು ಹೇಳಲೂ ಬಾರದ ಹೆಂಗಸು. ಇವೆರಡೂ ಒಬ್ಬರಲ್ಲೇ ಇದ್ದರೆ ಏನಾಗುತ್ತದೆ ಎಂಬುದು ಮುಂದೆ ತಿಳಿಯಿತು.

ಗೇಮಿನ ಕಷ್ಟ ಇದು. ಬಲಗೈ ಬೆರಳಿನಲ್ಲಿ ರೇಸ್ ಕೊಡಬೇಕು, ಎಡಗೈ ಬೆರಳಿನಲ್ಲಿ ಮುಂದಿನ ಬ್ರೇಕ್, ಹೆಬ್ಬೆರಳಿನಲ್ಲಿ ಹಿಂದಿನ ಬ್ರೇಕ್, ಇನ್ನೊಂದು ಹೆಬ್ಬೆರಳಿನಲ್ಲಿ ಮೈ ವಾಲಿಸಬೇಕು. ತಿರುವಿನ ನಡುವೆ ಮುಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರಿ ಸವಾರ ನೆಲ ಒರೆಸುತ್ತಾನೆ. ಬೈಕು ನೆಟ್ಟಗಾಗುವ ಮೊದಲೇ ರೇಸ್ ಕೊಟ್ಟರೆ ಹಿಂದಿನ ಚಕ್ರ ಒದ್ದು ಸವಾರನನ್ನು ಆಕಾಶಕ್ಕೆ ಕಳಿಸುತ್ತದೆ. ಏನೂ ಮಾಡದೆ ಸುಮ್ಮನಿದ್ದರೆ ಗೋಡೆ ಬರುತ್ತದೆ. ಮೇಷ್ಟ್ರು ಮೊದಲ ವಾರ ಈ ಮೂರನ್ನೂ ಸಮಾನ ಗೌರವದಿಂದ ಮಾಡಿದರು. ಮೈ ವಾಲಿಸಬೇಕಾದಾಗ ಬೆರಳಿನ ಬದಲು ತಾವೇ ಕುರ್ಚಿಯ ಸಮೇತ ವಾಲುತ್ತಿದ್ದುದರಿಂದ ಎರಡು ಸಲ ಮನೆಯಲ್ಲೂ ಬಿದ್ದರು. ಬಿದ್ದಾಗಲೆಲ್ಲ "ಬಿದ್ದೆ" ಎಂದು ಗಟ್ಟಿಯಾಗಿ ಹೇಳುವುದು ಅಭ್ಯಾಸವಾಯಿತು. ಕೆಲವೊಮ್ಮೆ "ಮತ್ತೆ ಬಿದ್ದೆ". ಬೇಸರ ಹೆಚ್ಚಾದಾಗ "ಹೋದೆ ಕಣೇ".

ಮೇಷ್ಟ್ರ ತಲೆಯ ಮೇಲಿನ ಮಹಡಿಯಲ್ಲಿ ನರ್ಸಮ್ಮ ಇದ್ದರು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ರೋಗಿಗಳಿಲ್ಲದೆ ಅವರಿಗೆ ದಿನ ಹೋಗುತ್ತಿರಲಿಲ್ಲ. ಮೂರು ದಿನ ಕೆಳಗಿನಿಂದ ಬಂದ ದನಿಯನ್ನು ಕೇಳಿಸಿಕೊಂಡು, ನಾಲ್ಕನೇ ದಿನ ಮೆಟ್ಟಿಲ ಮೇಲೆ ಮೇಷ್ಟ್ರ ಹೆಂಡತಿಯನ್ನು ಹಿಡಿದರು. ನಿಮ್ಮ ಯಜಮಾನರಿಗೆ ಏನಾಗಿದೆ, ಮುಚ್ಚಿಡಬೇಡಿ ಎಂದು ಕೈ ಹಿಡಿದುಕೊಂಡರು.

ಹೆಂಡತಿ ಬಹಳ ಹೊತ್ತು ಯೋಚಿಸಿದರು. ಗುಟ್ಟೂ ಬಿಡಬಾರದು, ಸುಳ್ಳೂ ಆಡಬಾರದು. ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ಒಂದು ಉತ್ತರ ಹೊಳೆಯಿತು.

"ಏನಿಲ್ಲ ನರ್ಸಮ್ಮ. ಅವ್ರು ಊಟ ಆದ್ಮೇಲೆ ಸ್ವಲ್ಪ ಬೀಳ್ತಾರೆ. ಮೂರೂವರೆ ಹೊತ್ತಿಗೆಲ್ಲ ಸರಿ ಹೋಗ್ತಾರೆ."

ನರ್ಸಮ್ಮ ಮರುದಿನ ಎರಡು ಗಂಟೆಗೆ ಬಿಪಿ ನೋಡುವ ಯಂತ್ರ ಹಿಡಿದು ಬಾಗಿಲು ಬಡಿದರು. ಆಗತಾನೆ ಐದನೇ ತಿರುವಿನಲ್ಲಿ ಗೋಡೆಗೆ ಅಪ್ಪಳಿಸಿದ್ದ ಮೇಷ್ಟ್ರು ಟೀವಿಯ ಮೇಲೆ ಟವೆಲ್ ಎಸೆದು, ಬೆವರು ಒರೆಸಿಕೊಳ್ಳುತ್ತ ಬಂದು ಕೂತರು. ನಾಡಿ ನೂರಾ ಹತ್ತು ಹೊಡೆಯುತ್ತಿತ್ತು.

"ಏನು ಮಾಡ್ತಿದ್ರಿ?" ಎಂದರು ನರ್ಸಮ್ಮ.

"ಸುಮ್ನೆ ಕೂತಿದ್ದೆ."

"ಕೂತಿದ್ದಕ್ಕೇ ಇಷ್ಟಾ?"

ಮೇಷ್ಟ್ರು ನೆಲ ನೋಡಿದರು. ಆ ನೋಟವನ್ನು ನರ್ಸಮ್ಮ ತಮ್ಮ ನಲವತ್ತು ವರ್ಷದ ಅನುಭವದಲ್ಲಿ ನೂರಾರು ಸಲ ಕಂಡಿದ್ದರು. ರೋಗ ಮುಚ್ಚಿಡುವವರೆಲ್ಲ ಹೀಗೇ ನೆಲ ನೋಡುತ್ತಾರೆ. ಅವರು ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ ಹೋಗಿ, ಹೆಸರು ಹೇಳುವುದು ಧರ್ಮವಲ್ಲವಾದ್ದರಿಂದ ಹೆಸರು ಹೇಳದೆ, ನಮ್ಮ ಕೆಳಗಿನ ಮನೆಯಲ್ಲಿ ಬೈಕ್ ಕಲಿಸುವವರೊಬ್ಬರಿಗೆ ತಲೆಸುತ್ತಿನ ಕಾಯಿಲೆ ಬಂದಿದೆ ಎಂದಷ್ಟೇ ಹೇಳಿದರು.

ಇತ್ತ ಬಯಲಿನಲ್ಲಿ ಇನ್ನೊಂದು ಘಟನೆ ನಡೆಯಿತು. ಮೇಷ್ಟ್ರ ಶಿಷ್ಯರಲ್ಲಿ ಸಲೂನ್ ಮಾಲೀಕನೊಬ್ಬನಿದ್ದ. ಕತ್ತರಿ ಹಿಡಿದರೆ ಕೂದಲೆಳೆಯಷ್ಟೂ ನಡುಗದ ಅವನ ಕೈ ಹ್ಯಾಂಡಲ್ ಹಿಡಿದರೆ ಥರಗುಟ್ಟುತ್ತಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದ್ದ. ಅಂದು ಸುಣ್ಣದ ಎಂಟಿನ ಸೊಂಟದಲ್ಲಿ ಧೊಪ್ಪೆಂದು ಬಿದ್ದು, ಎಂದಿನ ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಬೈಗುಳ ಬರಲಿಲ್ಲ. ಬದಲಿಗೆ ಮೇಷ್ಟ್ರೇ ಬಂದರು. ಬೈಕ್ ಎತ್ತಿ ನಿಲ್ಲಿಸಿದರು. ಅವನ ಪಕ್ಕದಲ್ಲಿ ಮಣ್ಣಿನಲ್ಲೇ ಕುಕ್ಕರಗಾಲಿನಲ್ಲಿ ಕೂತರು.

"ಬೇಜಾರು ಮಾಡ್ಕೋಬೇಡಿ. ನಿನ್ನೆ ನಾನು ಐವತ್ಮೂರು ಸಲ ಬಿದ್ದೆ."

ಬಾಯಿ ತಪ್ಪಿ ಬಂದ ಮಾತು. ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಅದನ್ನು ಮರೆಸಲೆಂದು ಮೇಷ್ಟ್ರು ಲಗುಬಗೆಯಿಂದ ಪಾಠ ಶುರುಮಾಡಿದರು. ನೀವು ತಿರುವಿನೊಳಗೆ ಹೋದಮೇಲೆ ಬ್ರೇಕ್ ಹಿಡಿಯುತ್ತೀರಿ, ಅದೇ ತಪ್ಪು. ತಿರುವು ಬರುವ ಮೊದಲೇ, ಬೈಕು ನೆಟ್ಟಗಿರುವಾಗಲೇ ಹಿಡಿಯಬೇಕು. ವಾಲುತ್ತ ಹೋದಂತೆ ಬೆರಳನ್ನು ಎಳೆ ಎಳೆಯಾಗಿ ಬಿಡಬೇಕು. ಕಣ್ಣು ಚಕ್ರದ ಮೇಲಲ್ಲ, ಎಲ್ಲಿಗೆ ಹೋಗಬೇಕೋ ಅಲ್ಲಿರಬೇಕು, ಗೋಡೆ ನೋಡಿದರೆ ಗೋಡೆಗೇ ಹೋಗುತ್ತೀರಿ. ಇಪ್ಪತ್ತಾರು ವರ್ಷಗಳಲ್ಲಿ ಮೇಷ್ಟ್ರು ಇಷ್ಟು ಬಿಡಿಸಿ ಯಾರಿಗೂ ಹೇಳಿರಲಿಲ್ಲ. ಹೇಳಲು ಅವರಿಗೇ ಗೊತ್ತಿರಲಿಲ್ಲ. ಅವರ ಕೈಗೆ ಗೊತ್ತಿತ್ತು, ಅಷ್ಟೆ. ಸಲೂನ್ ಮಾಲೀಕ ಎದ್ದು ಬೈಕ್ ಏರಿ ಎಂಟನ್ನು ಎರಡು ಸುತ್ತು ಹಾಕಿದ. ಇಳಿದು ಮೇಷ್ಟ್ರ ಕಾಲಿಗೆ ಬೀಳಲು ಹೋದ. ಇನ್ನು ಬೀಳುವ ವಿಷಯವೇ ಬೇಡ ಎಂದು ಮೇಷ್ಟ್ರು ತಡೆದರು.

ಸುದ್ದಿ ಹರಡಲು ಸಲೂನಿಗಿಂತ ಯೋಗ್ಯವಾದ ಸ್ಥಳ ಲೋಕದಲ್ಲಿಲ್ಲ. ಕತ್ತಿನ ಮೇಲೆ ರೇಜರ್ ಇರುವಾಗ ಗಿರಾಕಿ ಅಡ್ಡಬಾಯಿ ಹಾಕುವುದಿಲ್ಲ. ನಮ್ಮ ಮೇಷ್ಟ್ರು ದಿನಕ್ಕೆ ಐವತ್ಮೂರು ಸಲ ಬೀಳುತ್ತಾರೆ, ಆದರೂ ಎದ್ದು ಬಂದು ಪಾಠ ಹೇಳುತ್ತಾರೆ, ಎಂಥ ಛಲ ಎಂದು ಅವನು ಭಕ್ತಿಯಿಂದ ಹೇಳಿದ್ದೇ ಹೇಳಿದ್ದು. ಗಡ್ಡ ಮಾಡಿಸಿಕೊಂಡು ಹೊರಬಿದ್ದವರು ಔಷಧಿ ಅಂಗಡಿಗೆ ಹೋದಾಗ ಸಲೂನಿನ ಲೆಕ್ಕಕ್ಕೂ ನರ್ಸಮ್ಮ ಹೇಳಿದ್ದ ರೋಗಕ್ಕೂ ತಾಳೆಯಾಯಿತು. ಹತ್ತು ದಿನದಲ್ಲಿ ಹನ್ನೊಂದು ಜನ ಶಿಷ್ಯರು ನಾಲ್ವರಾದರು. ಬಿಟ್ಟುಹೋದವರಲ್ಲಿ ಒಬ್ಬರು ಮೇಷ್ಟ್ರಿಗೆ ದಿಂಬು ತಂದುಕೊಟ್ಟು, ಮನೆಯಲ್ಲಿ ಅಕ್ಕಪಕ್ಕ ಹಾಕಿಕೊಳ್ಳಿ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಅವರ ಮನಸ್ಸೆಲ್ಲ ಒಂಬತ್ತನೇ ತಿರುವಿನಲ್ಲಿತ್ತು. ಮೊದಲ ಎಂಟು ವಶವಾಗಿದ್ದವು. ಒಂಬತ್ತನೆಯದು ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

ಅದೇ ವಾರ ಸಲೂನ್ ಮಾಲೀಕ ನಾಲ್ಕನೇ ಸಲ ಪರೀಕ್ಷೆಗೆ ಹೋಗಿ, ಕಾಲು ಊರದೆ ಎಂಟು ಹಾಕಿ ಪಾಸಾದ. ಲೈಸೆನ್ಸ್ ಕಚೇರಿಯ ಅಧಿಕಾರಿ ಬೆರಗಾಗಿ, ಯಾರಪ್ಪ ಕಲಿಸಿದ್ದು ಎಂದು ಕೇಳಿದರು. ಗುರುಭಕ್ತಿ ಉಕ್ಕಿ ಬಂದ ಶಿಷ್ಯ ಎದೆಯುಬ್ಬಿಸಿದ.

"ನಮ್ಮ ಮೇಷ್ಟ್ರು ಸಾರ್. ದಿನಕ್ಕೆ ಐವತ್ತು ಸಲ ಬೀಳೋರು. ಅವರಿಗಿಂತ ಚೆನ್ನಾಗಿ ಯಾರು ಹೇಳಿಕೊಡ್ತಾರೆ?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆ ಅಧಿಕಾರಿಯ ಸ್ವಭಾವ ವಿಚಿತ್ರವಾದದ್ದು. ಬರವಣಿಗೆಯಲ್ಲಿ ಇಲ್ಲದ್ದನ್ನು ಅವರು ನಂಬುತ್ತಿರಲಿಲ್ಲ, ಬರವಣಿಗೆಯಲ್ಲಿ ಇದ್ದದ್ದನ್ನು ಅನುಮಾನಿಸುತ್ತಲೂ ಇರಲಿಲ್ಲ. ಮೂರನೇ ದಿನ ಮೇಷ್ಟ್ರ ಮನೆಗೆ ಪತ್ರ ಬಂತು. ತಾವು ಪದೇ ಪದೇ ಬೀಳುತ್ತಿರುವುದಾಗಿ ಈ ಕಚೇರಿಯ ಗಮನಕ್ಕೆ ಬಂದಿರುವುದರಿಂದ, ಪರವಾನಗಿ ನವೀಕರಣಕ್ಕೆ ಮುನ್ನ ಖುದ್ದಾಗಿ ಹಾಜರಾಗಿ, ಬೀಳುವ ಬಗ್ಗೆ ವಿವರಣೆ ನೀಡತಕ್ಕದ್ದು.

ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿ ಹೋದರು. ದಾರಿಯುದ್ದಕ್ಕೂ ಯೋಚಿಸಿದರು. ನಿಜ ಹೇಳಿದರೆ ಊರೆಲ್ಲ ನಗುತ್ತದೆ, ಬೈಕ್ ಮೇಷ್ಟ್ರು ಆಟಿಕೆಯ ಬೈಕಿನಿಂದ ಬೀಳುತ್ತಾರೆ ಎಂಬ ಮಾತು ಸತ್ತಮೇಲೂ ಹೋಗುವುದಿಲ್ಲ. ಸುಳ್ಳು ಹೇಳಿದರೆ, ಈ ಅಧಿಕಾರಿ ಅದನ್ನು ಬರೆದುಕೊಂಡುಬಿಡುತ್ತಾರೆ. ಕೊನೆಗೆ ಹೆಂಡತಿಯ ದಾರಿಯನ್ನೇ ಹಿಡಿಯುವುದೆಂದು ತೀರ್ಮಾನಿಸಿದರು. ಅರ್ಧ ನಿಜ.

"ಬೀಳೋದು ಹೌದಾ?" ಎಂದರು ಅಧಿಕಾರಿ.

"ಹೌದು ಸಾರ್. ಆದ್ರೆ ಮೊದಲಿನಷ್ಟಿಲ್ಲ. ಈಗ ಒಂಬತ್ತನೇ ತಿರುವಲ್ಲಿ ಮಾತ್ರ."

"ಎಲ್ಲಿ ಬರುತ್ತೆ ಅದು?"

"ಉದ್ದಕ್ಕೆ ನೇರ ರಸ್ತೆ ಸಾರ್. ಆಮೇಲೆ ಇಳಿಜಾರು. ಇಳಿಜಾರು ಮುಗಿಯೋ ಕಡೆ ಎಡಕ್ಕೆ ಗಕ್ಕನೆ ತಿರುವು. ಎದುರಿಗೆ ಕಲ್ಲಿನ ಗೋಡೆ."

ಅಧಿಕಾರಿಯ ಮುಖ ಬದಲಾಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನೀರಿನ ಟ್ಯಾಂಕ್ ಇಳಿಜಾರು ತಾನೆ? ನಾನೂ ಅಲ್ಲಿ ಬಿದ್ದಿದ್ದೀನಿ. ಯಾರಿಗೂ ಹೇಳಿಲ್ಲ."

ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಷ್ಟು ದೊಡ್ಡ ಮನುಷ್ಯರು ಮನಸ್ಸು ಬಿಚ್ಚಿ ಹೇಳಿಕೊಳ್ಳುವಾಗ ಅಡ್ಡ ಬರುವುದು ಸಭ್ಯತೆಯಲ್ಲ. ಅಧಿಕಾರಿ ಆಗಲೇ ಬರೆಯತೊಡಗಿದ್ದರು. ಇಪ್ಪತ್ತಾರು ವರ್ಷ ಅನುಭವವಿರುವ ತರಬೇತುದಾರರೇ ದಿನಕ್ಕೆ ಐವತ್ತು ಸಲ ಬೀಳುವಂಥ ಒಂಬತ್ತನೇ ತಿರುವನ್ನು ಕೂಡಲೇ ಸರಿಪಡಿಸಬೇಕೆಂದು ರಸ್ತೆ ಇಲಾಖೆಯ ಎಂಜಿನಿಯರಿಗೆ ಆ ಸಂಜೆಯೇ ಪತ್ರ ಹೋಯಿತು.

ಸಾಮಾನ್ಯವಾಗಿ ಇಂಥ ಪತ್ರಗಳು ಇಲಾಖೆಯಲ್ಲಿ ಮುದಿಯಾಗಿ ಸಾಯುತ್ತವೆ. ಇದು ಮಾತ್ರ ಯಾವ ಗಳಿಗೆಯಲ್ಲಿ ಹುಟ್ಟಿತ್ತೋ, ಆರೇ ದಿನಕ್ಕೆ ಕೆಲಸವಾಗಿಹೋಯಿತು. ನೀರಿನ ಟ್ಯಾಂಕ್ ಇಳಿಜಾರಿಗೆ ಸಾಲಾಗಿ ಐದು ಹಂಪು ಬಂದವು. ಕೆಳಗೆ ತಿರುವಿನಲ್ಲಿ ಹಳದಿ ಬೋರ್ಡು ನಿಂತಿತು. ಪತ್ರದಲ್ಲಿದ್ದುದನ್ನು ಅಕ್ಷರ ಬಿಡದೆ ಪಾಲಿಸುವ ಪೇಂಟರ್ ದೊಡ್ಡದಾಗಿ ಬರೆದಿದ್ದ: ಅಪಾಯಕಾರಿ ತಿರುವು, ಸಂಖ್ಯೆ ೯.

ಊರು ಬೆಚ್ಚಿಬಿದ್ದಿತು. ಇದು ಒಂಬತ್ತಾದರೆ ಮಿಕ್ಕ ಎಂಟು ಎಲ್ಲಿವೆ? ಜನ ತಮ್ಮ ತಮ್ಮ ಬೀದಿಯ ತಿರುವುಗಳನ್ನು ಸಂಶಯದಿಂದ ನೋಡತೊಡಗಿದರು. ಸಲೂನ್ ಮಾಲೀಕ ತನ್ನ ಅಂಗಡಿಯ ಮುಂದಿನದು ನಾಲ್ಕನೆಯದಿರಬೇಕೆಂದು ಸಾಧಿಸಿದ. ಔಷಧಿ ಅಂಗಡಿಯವರು ಅದು ತಮ್ಮದೆಂದು ಜಗಳಕ್ಕೇ ನಿಂತರು. ಇಳಿಜಾರಿನಲ್ಲಿ ಲಾಂಡ್ರಿ ಇಟ್ಟಿದ್ದವರೊಬ್ಬರು, ಐದು ಹಂಪು ದಾಟುವಷ್ಟರಲ್ಲಿ ತಮ್ಮ ಗಾಡಿಯಲ್ಲಿ ಮಡಚಿಟ್ಟ ಬಟ್ಟೆಯೆಲ್ಲ ಬಿಚ್ಚಿಕೊಳ್ಳುತ್ತಿದೆ, ಬೀಳುವ ಮೇಷ್ಟ್ರು ಬೇರೆಲ್ಲಾದರೂ ಬೀಳಲಿ ಎಂದು ಅರ್ಜಿ ಹಾಕಿದರು. ಎಂಟು ಅಪಾಯಕಾರಿ ತಿರುವುಗಳನ್ನು ಇಲಾಖೆ ಕಡೆಗಣಿಸಿದೆಯೆಂದು ಇನ್ನೊಂದು ಅರ್ಜಿ ಬಂತು. ಎರಡು ಅರ್ಜಿಗಳ ನಡುವೆ ಸಿಕ್ಕ ಎಂಜಿನಿಯರ್, ಸ್ಥಳ ಪರಿಶೀಲನೆಯಾಗದೆ ಮುಂದೆ ಏನೂ ಮಾಡಲಾಗದು ಎಂದು ದಿನ ಗೊತ್ತುಮಾಡಿದರು. ಅಧಿಕಾರಿಯೂ ಬರಬೇಕು. ಮೇಷ್ಟ್ರೂ ಬರಬೇಕು. ಎಲ್ಲಿ, ಹೇಗೆ ಬೀಳುತ್ತಾರೆಂಬುದನ್ನು ಪ್ರತ್ಯಕ್ಷ ತೋರಿಸಬೇಕು.

ಆ ಬೆಳಗ್ಗೆ ಇಳಿಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನರ್ಸಮ್ಮ ಹತ್ತಿ, ಬ್ಯಾಂಡೇಜು, ಟಿಂಚರು ಹಿಡಿದು ತಿರುವಿನಲ್ಲೇ ಮಡಚುವ ಕುರ್ಚಿ ಹಾಕಿಕೊಂಡಿದ್ದರು. ಎಂಜಿನಿಯರ್ ಟೇಪು ಹಿಡಿದಿದ್ದರು. ಬಿದ್ದ ಜಾಗದಿಂದ ಗೋಡೆಗೆ ಎಷ್ಟು ದೂರವೆಂದು ಅಳೆಯಬೇಕಿತ್ತು.

ಮೇಷ್ಟ್ರು ಬೈಕ್ ಏರಿ ಮೇಲಿನಿಂದ ಬಂದರು. ಐದು ಹಂಪುಗಳನ್ನು ಹೂವಿನ ಮೇಲೆ ಹೋದಂತೆ ದಾಟಿ, ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ವಾಲುತ್ತ ಎಳೆ ಎಳೆಯಾಗಿ ಬಿಟ್ಟು, ಸೊಗಸಾಗಿ ತಿರುಗಿ ನಿಂತರು. ನೆರೆದವರು ಚಪ್ಪಾಳೆ ತಟ್ಟಲು ಹೋಗಿ, ಇದು ಆ ಸಂದರ್ಭವಲ್ಲವೆಂದು ನೆನಪಾಗಿ ಕೈ ಇಳಿಸಿದರು.

"ಬೀಳಲಿಲ್ಲವಲ್ಲ" ಎಂದರು ಎಂಜಿನಿಯರ್.

ಇನ್ನೊಮ್ಮೆ ಪ್ರಯತ್ನಿಸುತ್ತೇನೆ ಎಂದು ಮೇಷ್ಟ್ರು ಮೇಲೆ ಹೋದರು. ಎರಡನೇ ಸಲವೂ ಬೀಳಲಿಲ್ಲ. ಮೂರನೇ ಸಲ ನಿಜವಾಗಿಯೂ ಬೀಳಬೇಕೆಂದೇ ಹೊರಟರು. ತಿರುವಿನ ನಡುವೆ ಮುಂದಿನ ಬ್ರೇಕ್ ಹಿಚುಕುವುದೆಂದು ಹಲ್ಲು ಕಚ್ಚಿದರು. ಆದರೆ ಇಪ್ಪತ್ತಾರು ವರ್ಷದ ಕೈ ಮಾತು ಕೇಳಲಿಲ್ಲ. ಬೈಕು ತಾನಾಗಿ ತಿರುಗಿ ಬಂದು ಎಂಜಿನಿಯರ್ ಮುಂದೆ ವಿನಯದಿಂದ ನಿಂತಿತು.

ಜನಕ್ಕೆ ಮೇಷ್ಟ್ರ ಮೇಲೆ ಕನಿಕರ ಹುಟ್ಟಿತು. ಸಂಕೋಚ ಬೇಡ ಮೇಷ್ಟ್ರೇ, ನಾವೆಲ್ಲ ನಿಮ್ಮವರೇ, ಬೀಳಿ ಎಂದು ಯಾರೋ ಧೈರ್ಯ ಹೇಳಿದರು. ಊಟ ಆಗಿಲ್ಲವಲ್ಲ, ಅದಕ್ಕೇ ಬೀಳುತ್ತಿಲ್ಲ, ಊಟ ಮಾಡಿಸಿ ನೋಡಿ ಎಂದರು ನರ್ಸಮ್ಮ. ಎಂಜಿನಿಯರ್ ಗಡಿಯಾರ ನೋಡಿಕೊಂಡರು.

"ನೋಡಿ, ನೀವು ಬೀಳದೆ ಹೋದ್ರೆ ನಾನು ಫೈಲು ಮುಚ್ಚೋ ಹಾಗಿಲ್ಲ. ಹಂಪು ಹಾಕಿದ್ದಕ್ಕೆ ಕಾರಣ ಏನು ಅಂತ ಬರೀಲಿ?"

ಅಧಿಕಾರಿಯ ಮುಖ ಕಪ್ಪಿಟ್ಟಿತು. ಬಿದ್ದಿದ್ದೇನೆಂದು ಸುಳ್ಳು ಹೇಳಿಕೆ ಕೊಟ್ಟವರ ಪರವಾನಗಿಯನ್ನು ನವೀಕರಿಸಲು ಬರುವುದಿಲ್ಲ ಎಂದು ನಿಧಾನವಾಗಿ, ಪ್ರತಿ ಪದವನ್ನೂ ಬೇರೆ ಬೇರೆ ಮಾಡಿ ಹೇಳಿದರು. ಇಪ್ಪತ್ತಾರು ವರ್ಷ ಬೀಳದೆ ನಡೆಸಿದ ಶಾಲೆ, ಬೀಳಲಿಲ್ಲವೆಂಬ ಕಾರಣಕ್ಕೆ ಮುಚ್ಚುವ ಹಾಗಾಯಿತು.

ಆಗ ಗುಂಪಿನೊಳಗಿಂದ ಮೇಷ್ಟ್ರ ಹೆಂಡತಿ ಮುಂದೆ ಬಂದರು. ಗಂಡನ ಮುಖವನ್ನು ಒಮ್ಮೆ ನೋಡಿ, ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಅಧಿಕಾರಿಗೆ ಕೈಮುಗಿದರು.

"ಅವ್ರಿಗೆ ರಸ್ತೇಲಿ ಬೀಳಕ್ಕೆ ಬರಲ್ಲ ಸಾರ್. ಅವ್ರು ಬೀಳೋದು ಟೀವೀಲಿ."

ಅವರು ಭಾನುವಾರದಿಂದ ಹಿಡಿದು ಐವತ್ಮೂರರವರೆಗೆ ಎಲ್ಲವನ್ನೂ ಹೇಳಿದರು. ಮೇಷ್ಟ್ರು ಬೈಕಿನ ಟ್ಯಾಂಕಿನ ಮೇಲಿನ ಧೂಳನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದರು. ಮೊದಲು ನಕ್ಕದ್ದು ಲಾಂಡ್ರಿಯವರು. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಲೆಕ್ಕ ಇಡಲಾಗಲಿಲ್ಲ. ನರ್ಸಮ್ಮ ಮಾತ್ರ ನಗಲಿಲ್ಲ. ತಮ್ಮ ರೋಗನಿರ್ಣಯ ತಪ್ಪಾದದ್ದು ಇದೇ ಮೊದಲೆಂದು ಬ್ಯಾಂಡೇಜನ್ನು ಸುತ್ತತೊಡಗಿದರು.

ಅಧಿಕಾರಿಯೂ ನಗಲಿಲ್ಲ. ಬಾಯಿಮಾತಿನ ಹೇಳಿಕೆ ಸಾಲದು, ನಾನು ಕಣ್ಣಾರೆ ನೋಡಬೇಕು ಎಂದರು. ಹೀಗೆ ಸ್ಥಳ ಪರಿಶೀಲನೆಯು ಎಂಜಿನಿಯರ್, ಟೇಪು, ಅರ್ಜಿದಾರರು, ನರ್ಸಮ್ಮನ ಕುರ್ಚಿ ಸಮೇತ ಮೆರವಣಿಗೆಯಾಗಿ ಬಾಮೈದನ ಅಂಗಡಿಗೆ ನಡೆಯಿತು. ಬಾಮೈದ ಮನೆಯಿಂದ ಡಬ್ಬ ತರಿಸಿ ಗೋಡೆಯಗಲದ ಟೀವಿಗೆ ಜೋಡಿಸಿದ. ಆ ಟೀವಿಗೆ ಅಂಥ ಜನಸಂದಣಿ ಅದುವರೆಗೆ ಕೂಡಿರಲಿಲ್ಲ.

ಮೇಷ್ಟ್ರು ಕೂತರು. ಬೆನ್ನ ಹಿಂದೆ ಊರೇ ನಿಂತಿತ್ತು. ಒಂಬತ್ತನೇ ತಿರುವಿನಲ್ಲಿ ಬಿದ್ದರೆ ಸಾಕು, ನಾನು ಬರೆದುಕೊಂಡು ಹೋಗುತ್ತೇನೆ ಎಂದು ಅಧಿಕಾರಿ ಪೆನ್ನು ಸಿದ್ಧ ಮಾಡಿಕೊಂಡರು. ಬೈಕುಗಳು ಗುಡುಗಿ ಹೊರಟವು. ಒಂದು, ಎರಡು, ಮೂರು. ಮೂರನೆಯದನ್ನು ದಾಟಿದಾಗ ಬಾಮೈದನ ನಗು ನಿಂತಿತು. ಐದನೆಯದರಲ್ಲಿ ಸಲೂನ್ ಮಾಲೀಕ ತನಗರಿವಿಲ್ಲದೆ ಬಲಕ್ಕೆ ವಾಲಿದ, ಅವನ ಪಕ್ಕದವರು ವಾಲಿದರು, ಅಂಗಡಿಗೆ ಅಂಗಡಿಯೇ ವಾಲಿತು. ಎಂಟು ಮುಗಿಯಿತು. ಉದ್ದನೆಯ ನೇರ ರಸ್ತೆ ಬಂತು, ಇಳಿಜಾರು ಬಂತು, ಎದುರಿಗೆ ಕಲ್ಲಿನ ಗೋಡೆ ಎದ್ದು ನಿಂತಿತು.

ಮೇಷ್ಟ್ರ ಕಣ್ಣು ಎಂದಿನಂತೆ ಗೋಡೆಯ ಕಡೆ ಹೋಗಲಿಲ್ಲ. ಎಡಕ್ಕೆ, ರಸ್ತೆ ಮಾಯವಾಗುವ ಕಡೆ ಹೋಯಿತು. ಬೆರಳು ಮೊದಲೇ ಬಿಗಿಯಿತು, ಆಮೇಲೆ ಎಳೆ ಎಳೆಯಾಗಿ ಸಡಿಲಿತು. ಗೋಡೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಬೈಕು ನೆಟ್ಟಗಾಯಿತು.

"ಬಿದ್ರಾ?" ಎಂದರು ಅಧಿಕಾರಿ, ತಲೆ ಎತ್ತದೆ.

"ಇಲ್ಲ ಸಾರ್" ಎಂದರು ಮೇಷ್ಟ್ರು. ಅವರ ದನಿ ಅವರಿಗೇ ಗುರುತಾಗಲಿಲ್ಲ.

"ಯಾಕೆ ಬೀಳಲಿಲ್ಲ?"

ಇದಕ್ಕೆ ಉತ್ತರ ಹೇಳುವಷ್ಟು ಪುರಸೊತ್ತು ಮೇಷ್ಟ್ರಿಗೆ ಸಿಗಲಿಲ್ಲ. ಒಂಬತ್ತರ ಆಚೆಯನ್ನು ಅವರು ಅದುವರೆಗೆ ಕಂಡೇ ಇರಲಿಲ್ಲ. ಹತ್ತನೇ ತಿರುವು ಬಲಕ್ಕಿದೆಯೆಂದು ತಿಳಿಯುವಷ್ಟರಲ್ಲಿ ಬೈಕು ಬೇಲಿಯನ್ನು ಹಾರಿತ್ತು. ಮೇಷ್ಟ್ರು ಅದರ ಹಿಂದೆ, ಕೈಕಾಲು ಅಗಲಿಸಿ, ಆ ದೊಡ್ಡ ಟೀವಿಯ ಈ ತುದಿಯಿಂದ ಆ ತುದಿಯವರೆಗೆ ಹಾರಿಹೋದರು.

"ಬಿದ್ದೆ" ಎಂದರು.

ಅಂಗಡಿ ತುಂಬ ಚಪ್ಪಾಳೆ. ಎಂಜಿನಿಯರ್ ಎರಡೂ ಕೈಯೆತ್ತಿ ನಿಟ್ಟುಸಿರು ಬಿಟ್ಟರು. ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ, ಸ್ವಲ್ಪ ನಿಧಾನಕ್ಕೆ ಹೋಗಬೇಕಿತ್ತು ಅಳಿಯಂದಿರೇ ಎಂದು ಸಲಹೆ ಕೊಟ್ಟರು. ಅಧಿಕಾರಿ ಅಲ್ಲೇ ಟೀವಿ ಡಬ್ಬದ ಮೇಲೆ ಕಾಗದವಿಟ್ಟು ಬರೆದರು. ತರಬೇತುದಾರರು ಬೀಳುವುದು ನಿಜ. ಬೀಳುವ ಸ್ಥಳವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಪರವಾನಗಿಯನ್ನು ಐದು ವರ್ಷಕ್ಕೆ ನವೀಕರಿಸಬಹುದು. ಸಹಿ ಹಾಕುತ್ತಿದ್ದಾಗ ಎಂಜಿನಿಯರ್ ಅವರ ಕಿವಿಯ ಬಳಿ ಬಗ್ಗಿ, ಒಂಬತ್ತನ್ನು ಇವರು ದಾಟಿಬಿಟ್ಟರಲ್ಲ, ಬೋರ್ಡಿನಲ್ಲಿ ಹತ್ತು ಎಂದು ತಿದ್ದಿಸಬೇಕಾಗುತ್ತದೆಯೇ ಎಂದು ಕೇಳಿದರು. ಅದಕ್ಕೆ ಬೇರೆ ಅರ್ಜಿ ಬೇಕು ಎಂದರು ಅಧಿಕಾರಿ.

ಜನ ಚದುರಿದ ಮೇಲೆ ಮೇಷ್ಟ್ರು ಬೈಕನ್ನು ತಳ್ಳಿಕೊಂಡು ಹೆಂಡತಿಯ ಜೊತೆ ನಡೆದೇ ಮನೆಗೆ ಹೊರಟರು. ದಾರಿಯಲ್ಲಿ ಸಿಕ್ಕವರೆಲ್ಲ ನಕ್ಕರು. ಇಬ್ಬರು ನಗುತ್ತಲೇ, ನಾಳೆಯಿಂದ ಪಾಠಕ್ಕೆ ಬರಬಹುದೇ ಎಂದು ಕೇಳಿದರು. ಬೆಳಗ್ಗೆ ಆರಕ್ಕೆ ಬನ್ನಿ ಎಂದರು ಮೇಷ್ಟ್ರು. ಎಲ್ಲರ ಮುಂದೆ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಗಂಡ ರೇಗುತ್ತಾರೇನೋ ಎಂದು ಹೆಂಡತಿ ಕಾದರು. ಮೇಷ್ಟ್ರು ರೇಗಲಿಲ್ಲ.

"ರೀ, ಒಂಬತ್ತು ಆದ್ಮೇಲೆ ಏನಿತ್ತು?" ಎಂದು ಕೊನೆಗೆ ಹೆಂಡತಿಯೇ ಕೇಳಿದರು.

"ಬಲಗಡೆ ನೀರು ಕಾಣ್ತು ಕಣೇ. ಸಮುದ್ರವೋ, ಕೆರೆಯೋ. ಬಿಸಿಲು ಬಿದ್ದಿತ್ತು. ಪೂರ್ತಿ ನೋಡೋಷ್ಟರಲ್ಲಿ ಬಿದ್ದುಬಿಟ್ಟೆ."

"ಚೆನ್ನಾಗಿತ್ತಾ?"

"ಬಹಳ ಚೆನ್ನಾಗಿತ್ತು."

ಹೆಂಡತಿ ಹತ್ತು ಹೆಜ್ಜೆ ಯೋಚಿಸಿದರು.

"ಹಾಗಾದ್ರೆ ನಾಳೆಯಿಂದ ಊಟ ಹನ್ನೆರಡೂವರೆಗೇ ಮುಗಿಸೋಣ" ಎಂದರು. "ಅರ್ಧ ಗಂಟೆ ಜಾಸ್ತಿ ಬೀಳಬಹುದು."